ಉಡಿ ತುಂಬಿಕೊಂಡು ಮುಲ್ಕಿಗೆ ಕೂತದ್ದು

ಓದಿ ಏನು ಕಡಿದು ಕಟ್ಟೆ ಹಾಕುವುದಿದೆ ಎಂದು ಯಾರಾದರೂ ನನ್ನೆದುರು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈಗಿನವರು ಇದನ್ನೊಂದು ಹೊಸ ಮಾತೆಂಬಂತೆ ಆಡುತ್ತಾರೆ. ಮೈಮುರಿದು ದುಡಿದರೂ ಅಷ್ಟೇ, ಪುಸ್ತಕ ಅರೆದು ಕುಡಿದರೂ ಅಷ್ಟೇ, ಕೈಯಲ್ಲಿ ಏನೂ ನಿಲ್ಲುವುದಿಲ್ಲ ಎನ್ನುತ್ತಾರೆ. ಅಯ್ಯೋ ಮಕ್ಕಳಿರಾ, ಈ ಮಾತನ್ನು ನಾನು ನನ್ನ ಹದಿನೇಳನೆಯ ವರ್ಷದಲ್ಲೇ ಕೇಳಿದ್ದೇನೆ, ಅದೂ ಗೊಟಗೋಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನಮ್ಮಪ್ಪನ ಬಾಯಿಂದಲೇ. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿದೆ. ಈಗ ಪಿಂಚಣಿ ಉಣ್ಣುತ್ತಿದ್ದೇನೆ, ಯಾರ ಮನೆಯ ಬಾಗಿಲಲ್ಲೂ ನಿಂತವಳಲ್ಲ. ಆದ್ದರಿಂದ ಓದಿದರೆ ಕೈಯಲ್ಲಿ ಏನಾದರೂ ನಿಲ್ಲುತ್ತದೆಯೇ ಎಂದು ಕೇಳಿದರೆ ನನ್ನ ಉತ್ತರ ಹೌದು ಎಂದೇ. ಆದರೆ ಆ ಹೌದು ಎನ್ನುವುದರಲ್ಲಿ ಒಂದು ತೊಡಕಿದೆ. ಅದನ್ನು ನನಗೆ ತೋರಿಸಿಕೊಟ್ಟವಳು ಒಂದಕ್ಷರ ಬಾರದ ನಮ್ಮವ್ವ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ನಾಲ್ಕೈದು ವರ್ಷ ಮುಂಚಿನ ಮಾತು. ಹನ್ನೆರಡಕ್ಕೆ ನನ್ನ ಮದುವೆ ಮಾಡಿ ಮುಗಿಸಿದ್ದರು. ಅಷ್ಟರೊಳಗೆ ನಾನು ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ದಾಟಿದ್ದೆ. ಶಾಲೆ ನಮ್ಮ ಹಿತ್ತಲಿಗೆ ಹತ್ತಿದ ಗುಡಿಯಲ್ಲೇ ನಡೆಯುತ್ತಿತ್ತು, ಮನೆಯಲ್ಲಿದ್ದರೆ ಕಾಲಿಗೆ ಅಡರುತ್ತೇನೆಂದು ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದರು, ಅಷ್ಟೇ. ಹದಿನೈದಕ್ಕೆ ಸವಣೂರಿನ ಗಂಡನ ಮನೆಗೆ ಹೋದೆ. ಎಲೆಬಳ್ಳಿಯ ತೋಟವಿದ್ದ ಮನೆ, ಉಣ್ಣಲು ಉಡಲು ಕೊರತೆ ಇರಲಿಲ್ಲ. ಆದರೆ ಗಂಡನ ಮನಸ್ಸು ನನ್ನ ಮೇಲಿರಲಿಲ್ಲ, ಬೇರೊಬ್ಬಳ ಮೇಲಿತ್ತು. ಎರಡು ವರ್ಷ ತೋಟದ ಎಲೆ ಕೊಯ್ದು ಕಟ್ಟಿದೆ. ಆಮೇಲೆ ಒಂದು ದಿನ ಚಕ್ಕಡಿ ಹೂಡಿ ನನ್ನನ್ನು ತವರಿಗೆ ತಂದು ಬಿಟ್ಟು ಹೋದರು. ನಾನು ಅತ್ತೆನೆಂದು ನೀವು ಅಂದುಕೊಂಡರೆ ಅದು ತಪ್ಪು. ನನಗೆ ಬಂದದ್ದು ಸಿಟ್ಟು.

ನಮ್ಮ ಕಡೆ ಗಂಡ ಹೆಂಡತಿ ಬಿಡುಗಡೆಯಾಗುವಾಗ ಹಿರಿಯರು ಕೂತು ಒಂದು ಕಾಗದ ಬರೆಸುತ್ತಿದ್ದರು. ಸೋಡಚೀಟಿ ಎನ್ನುತ್ತಿದ್ದರು ಅದಕ್ಕೆ. ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತರು. ಸವಣೂರಿನಿಂದ ಬಂದ ಹಿರಿಯರೊಬ್ಬರು ಕಾಗದವನ್ನು ಓದಿದರು, ಎಲ್ಲರೂ ತಲೆಯಾಡಿಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಮನುಷ್ಯ ಓದುತ್ತಾ ಒಂದು ಕಡೆ ಕೆಮ್ಮಿ, ಬೆರಳನ್ನು ಎರಡು ಸಾಲು ಕೆಳಗೆ ಜಾರಿಸಿದ್ದು ನನ್ನ ಕಣ್ಣಿಗೆ ಬಿತ್ತು. ಓದು ಕಲಿತವರಿಗೆ ಮಾತ್ರ ಕಾಣುವ ಕಳ್ಳತನ ಅದು. ನಾನು ಹೊರಗೆ ಬಂದು ಕೈಚಾಚಿದೆ.

"ಅಪ್ಪಾ, ಆ ಕಾಗದ ಒಂದೀಟ ನನ್ನ ಕೈಯಾಗ ಕೊಡಸು."

"ಹೆಣ್ಣಮಕ್ಕಳಿಗೆ ಏನ ಕೆಲಸ ಇದರಾಗ?" ಎಂದರು ಆ ಹಿರಿಯರು.

"ಬಿಡುಗಡಿ ಆಗಾಕತ್ತಿದ್ದು ನನಗೈತ್ರಿ, ನಿಮಗಲ್ಲ" ಎಂದೆ.

ಅಪ್ಪನಿಗೆ ನನ್ನ ಬಾಯಿ ಗೊತ್ತಿತ್ತು. ತಂಟೆ ಬೇಡವೆಂದು ಕಾಗದ ಕೊಡಿಸಿದ. ನಾನು ತಡವರಿಸುತ್ತಾ ಓದಿದೆ. ಐದು ವರ್ಷ ಅಕ್ಷರ ಮುಟ್ಟದಿದ್ದರಿಂದ ನಾಲಿಗೆ ಎಡವುತ್ತಿತ್ತು, ಆದರೂ ಓದಿದೆ. ಮದುವೆಯಲ್ಲಿ ನನಗೆ ಹಾಕಿದ ಬಂಗಾರ ಬೆಳ್ಳಿಯನ್ನು ನಾನು ಸ್ವಂತ ಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಆ ನಡುವಿನ ಎರಡು ಸಾಲುಗಳಲ್ಲಿತ್ತು. ಬಂಗಾರ ಹಾಕಿದ್ದು ನಮ್ಮಪ್ಪ, ಸವಣೂರಿನವರಲ್ಲ.

"ಅದು ಎಲ್ಲಾ ಸೋಡಚೀಟಿಯೊಳಗೂ ಇರೂ ಮಾತು ತಂಗಿ" ಎಂದರು ಹಿರಿಯರು.

"ಹಂಗಿದ್ರ ಓದಬೇಕಿತ್ತಲ್ರಿ. ಅಲ್ಲೇ ಯಾಕ ಕೆಮ್ಮು ಬಂತು ನಿಮಗ?"

ಪಡಸಾಲೆಯಲ್ಲಿ ಯಾರೋ ಫಕ್ಕನೆ ನಕ್ಕರು. ಆ ಹಿರಿಯರ ಮುಖ ಸುಣ್ಣವಾಯಿತು. ಕಾಗದವನ್ನು ಹರಿದು ಹೊಸದಾಗಿ ಬರೆಸಿದರು. ವಾರದೊಳಗೆ ನನ್ನ ಪಾಟಲಿ, ಬುಗುಡಿ, ಸರ ಎಲ್ಲವೂ ಗಂಟು ಕಟ್ಟಿಕೊಂಡು ಮನೆಗೆ ಬಂದವು.

ಆ ದಿನ ಅಪ್ಪ ನನ್ನನ್ನು ಹತ್ತಿರ ಕರೆದು, "ನಿನಗ ಏನ ಬೇಕವ್ವಾ?" ಎಂದು ಕೇಳಿದ. ನಾನು ಒಂದು ಕ್ಷಣವೂ ತಡೆಯಲಿಲ್ಲ. ಶಿಗ್ಗಾಂವಿಯ ಶಾಲೆಗೆ ಹೋಗಿ ಮುಲ್ಕಿ ಪರೀಕ್ಷೆ ಕಟ್ಟುತ್ತೇನೆ ಎಂದೆ. ಕನ್ನಡ ಏಳನೆಯ ಇಯತ್ತೆಯ ಕೊನೆಗೆ ಸರಕಾರದವರು ನಡೆಸುತ್ತಿದ್ದ ಪರೀಕ್ಷೆ ಅದು. ಆಗ ಅದನ್ನು ದಾಟಿದವನಿಗೆ ಮಾಸ್ತರಿಕೆಯೋ ಊರ ಲೆಕ್ಕ ಬರೆಯುವ ತಲಾಠಿಕೆಯೋ ಸಿಗುವ ಆಸೆ ಇರುತ್ತಿತ್ತು. ಅಪ್ಪ ತಲೆ ಕೆರೆದುಕೊಂಡ.

"ತಲಿ ತಿರುಗೇತೇನ ನಿನಗ? ಓದಿ ಯಾರು ಉದ್ಧಾರ ಆಗ್ಯಾರ? ಆಚಿ ಮನಿಯಾಂವ ಧಾರವಾಡದಾಗ ಮ್ಯಾಟ್ರಿಕ್ ಮುಗಿಸಿ ಬಂದು ಎರಡು ವರ್ಷ ಆತು, ಕಟ್ಟಿ ಮ್ಯಾಲ ಕುಂತು ಇಸ್ಪೀಟ ಆಡಾಕತ್ತಾನ. ಇಂಗ್ಲಿಷ್ ಓದಿದವಗ ಗತಿ ಇಲ್ಲ, ಕನ್ನಡ ಓದಿದಾಕಿಗೆ ಪಾಲಕಿ ಕಳಸ್ತಾರೇನ?"

"ಆಂವ ಗಂಡಸು. ಗಂಡ ಮಾಸ್ತರಿಕಿಗೆ ನೂರು ಮಂದಿ ಸಾಲು ಹಚ್ಚಿ ನಿಂತಾರ. ಹೆಣ್ಣ ಮಾಸ್ತರ ಎಲ್ಲಿ ಅದಾರ ತೋರಸು ನೋಡೂಣು? ಶಿಗ್ಗಾಂವ್ಯಾಗ ಹೆಣ್ಣಮಕ್ಕಳ ಸಾಲಿಗೂ ಮೀಸಿ ಇರೂ ಮಾಸ್ತರನ ಅದಾನ."

ಈ ಮಾತನ್ನು ನಾನೇನೂ ಕಂಡುಹಿಡಿದದ್ದಲ್ಲ, ನಮ್ಮೂರ ಶಾಲೆಯ ಮಾಸ್ತರರು ಹೇಳಿದ್ದರು. ಆದರೆ ಅಪ್ಪನಿಗೆ ನಾಟಿತು. ಅವನು ವ್ಯವಹಾರ ತಿಳಿದ ಒಕ್ಕಲಿಗ. ಎಲ್ಲರೂ ಬೆಳೆದದ್ದನ್ನು ಬೆಳೆದರೆ ಬೆಲೆ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಒಂದು ಕರಾರು ಹಾಕಿದ.

"ನಾ ಇರೂತನಾ ನಿನಗ ಕೂಳಿಗೆ ಕಡಿಮಿ ಇಲ್ಲ. ನಾ ಹ್ವಾದ ಮ್ಯಾಲ ನಿಮ್ಮಣ್ಣಗೋಳ ಮನ್ಯಾಗ ನಿನ್ನ ಪಾಡೇನು? ಅದಕ ಹೇಳತೇನಿ ಕೇಳು. ಮೂರ ವರ್ಷ ವಾಯದೆ. ಪಾಸಾಗು. ಆಗಲಿಲ್ಲಂದ್ರ ನಾ ತೋರಿಸಿದವಗ ಉಡಿಕಿ ಆಗಬೇಕು. ಮತ್ತ ಬಾಯಿ ಮಾಡಬಾರದು."

ಸೋಡಚೀಟಿಯಾದ ಹೆಣ್ಣು ಮತ್ತೆ ಮದುವೆಯಾಗುವುದು ನಮ್ಮಲ್ಲಿ ಇತ್ತು. ಹಂದರವಿಲ್ಲ, ಬಾಸಿಂಗವಿಲ್ಲ, ವಾಲಗವಿಲ್ಲ. ಹೊಸ ಸೀರೆ ಉಡಿಸಿ, ನಾಲ್ಕು ಜನರೆದುರು ಒಪ್ಪಿಸಿ ಕಳಿಸಿಬಿಡುವುದು. ಅದೇ ಉಡಿಕೆ. ಹಾಗೆ ಹೋಗಿ ಸುಖವಾಗಿದ್ದವರೂ ಇದ್ದರು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ದನ ಹೊಡೆದಂತೆ ನನ್ನನ್ನು ಹೊಡೆಯುವುದು ಒಮ್ಮೆ ಆಗಿತ್ತು, ಸಾಕಾಗಿತ್ತು. ಕರಾರಿಗೆ ಒಪ್ಪಿದೆ.

ಅವ್ವ ಈ ಮಾತುಕತೆಯಲ್ಲಿ ಇರಲಿಲ್ಲ, ಹಿತ್ತಲಲ್ಲಿ ಹಸು ಹಿಂಡುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದವಳು ಅವ್ವನೇ. ನಸುಕಿಗೆ ಬೀಸುಕಲ್ಲಿನ ಮುಂದೆ ಕೂತವಳು ಹನ್ನೆರಡು ಮಂದಿಗೆ ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಹೊತ್ತು, ಅಲ್ಲಿ ಕಳೆ ತೆಗೆದು, ತಿರುಗಿ ಬಂದು ಮಜ್ಜಿಗೆ ಕಡೆದು, ಬೆಣ್ಣೆಯನ್ನು ಶಿಗ್ಗಾಂವಿಯ ಸಂತೆಗೆ ಹೊರುತ್ತಿದ್ದಳು. ಬೆಣ್ಣೆ ಮಾರಿದ ಹಣವನ್ನು ತಂದು ಅಪ್ಪನ ಮುಂದೆ ಇಡುತ್ತಿದ್ದಳು. ಹಾಗೆ ಇಡಬೇಕೆಂದು ಯಾರೂ ಹೇಳುತ್ತಿರಲಿಲ್ಲ, ಇಡಬಾರದೆಂದು ಅವಳಿಗೂ ಅನ್ನಿಸುತ್ತಿರಲಿಲ್ಲ. ಜಾತ್ರೆಯಲ್ಲಿ ಬಳೆ ಇಡಿಸಿಕೊಳ್ಳಬೇಕಾದರೆ ಅವನನ್ನೇ ಕೇಳುತ್ತಿದ್ದಳು. ಅಪ್ಪ ಕೇಳಿದಾಗಲೆಲ್ಲ ಕೊಡುತ್ತಿದ್ದ, ಕೆಟ್ಟವನಲ್ಲ. ನಾನು ಶಾಲೆಗೆ ಹೊರಟ ಮೊದಲ ದಿನ ಅವ್ವ, "ಹೋಗವ್ವಾ, ಬಿಸಲಾಗೂದ್ರಾಗ ಹೋಗು" ಎಂದಳು.

ಪುಣೆ ಬೆಂಗಳೂರು ರಸ್ತೆಯ ಅಂಚು ಹಿಡಿದು ನಡೆದರೆ ಶಿಗ್ಗಾಂವಿ ಒಂದು ಹರದಾರಿಗೂ ಮಿಕ್ಕಿತ್ತು. ಹೆಣ್ಣುಮಕ್ಕಳ ಶಾಲೆ ನಾಲ್ಕನೆಯ ಇಯತ್ತೆಗೆ ನಿಲ್ಲುತ್ತಿತ್ತು. ಐದರಿಂದ ಮುಂದೆ ಗಂಡುಹುಡುಗರ ಶಾಲೆಯೇ ಗತಿ. ಹದಿನೇಳು ತುಂಬಿದ, ಗಂಡ ಬಿಟ್ಟ ಹೆಂಗಸು ಹನ್ನೊಂದು ವರ್ಷದ ಹುಡುಗರ ನಡುವೆ ಕೂತರೆ ಪೇಟೆಗೆ ಪೇಟೆಯೇ ಮೂಗು ಮುರಿಯಿತು. ಕಾಳಿನ ಅಂಗಡಿಯವರು ತಕ್ಕಡಿ ಬಿಟ್ಟು ನೋಡುತ್ತಿದ್ದರು. ಹುಡುಗರು ನನ್ನನ್ನು ಆಯಿ, ಅಂದರೆ ಅಜ್ಜಿ ಎಂದು ಕರೆದರು. ಒಬ್ಬನ ಕಿವಿ ಹಿಡಿದು ಎರಡು ತಿರುವು ತಿರುವಿದೆ. ಅವನು ಅಳುತ್ತಾ ಹೋಗಿ ಹೆಡ್ ಮಾಸ್ತರರಿಗೆ ಹೇಳಿದ.

ಹೆಡ್ ಮಾಸ್ತರರು ಒಣಕಲು ಮೈಯ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದ ಮನುಷ್ಯ. ನನ್ನನ್ನು ಕರೆದು ಬೈಯಲಿಲ್ಲ. "ಸಿಟ್ಟು ಭಾಳ ಐತಿ ನಿನಗ. ಅದನ್ನ ಹುಡುಗರ ಕಿವಿ ಮ್ಯಾಲ ಯಾಕ ಖರ್ಚ ಮಾಡತಿ? ತ್ರೈರಾಶಿಕದ ಮ್ಯಾಲ ತೋರಸು" ಎಂದರು. ತ್ರೈರಾಶಿಕ ಎಂದರೆ ಇಷ್ಟು ಆಳು ಇಷ್ಟು ದಿನದಲ್ಲಿ ಮಾಡಿದರೆ ಅಷ್ಟು ಆಳು ಎಷ್ಟು ದಿನದಲ್ಲಿ ಮಾಡುತ್ತಾರೆ ಎಂಬ ಲೆಕ್ಕ. ನನಗೆ ಅದೆಂದರೆ ತಲೆನೋವು. ಸಿಟ್ಟಿನಿಂದಲೇ ಮಾಡಿದೆ. ಹೊಲದಲ್ಲಿ ಕಳೆ ತೆಗೆಯುವಾಗ ಮಾಡಿದೆ, ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಬೆರಳಿನಿಂದ ಗೀಚಿದೆ. ಮೂರನೆಯ ವರ್ಷದ ಹೊತ್ತಿಗೆ ಆ ಹುಡುಗರೇ ಲೆಕ್ಕ ತೋರಿಸಿಕೊಳ್ಳಲು ನನ್ನ ಹತ್ತಿರ ಬರುತ್ತಿದ್ದರು. ಆಯಿ ಹೋಗಿ ಅಕ್ಕ ಆಗಿದ್ದೆ. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಕಾಳಿನ ಅಂಗಡಿಗಳ ಮುಂದೆ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದೆ.

ಆ ಮೂರನೆಯ ವರ್ಷವೇ ಹಿರೇಕೆರೂರಿನಿಂದ ಉಡಿಕೆಯ ಮಾತು ಬಂತು. ಮೆಣಸಿನಕಾಯಿ, ಅರಳೆ ವ್ಯಾಪಾರದ ಮನೆತನ, ಎರಡಂತಸ್ತಿನ ಮನೆ, ಕಪ್ಪು ನೆಲದ ಹೊಲ. ಆ ಮನೆಯ ಯಜಮಾನರ ಹೆಂಡತಿ ತೀರಿಹೋಗಿದ್ದಳು, ದೊಡ್ಡ ಗಂಡುಮಕ್ಕಳಿಬ್ಬರು. ಯಜಮಾನರಿಗೆ ನಲವತ್ತು ದಾಟಿತ್ತು. ಅಪ್ಪ ಕಣ್ಣರಳಿಸಿ, "ಪರೀಕ್ಷಾ ಒಂದು ಮುಗೀಲ್ರಿ" ಎಂದು ಹೇಳಿ ಕಳಿಸಿದ. ಅಂದರೆ ನಾನು ಫೇಲಾದರೆ ಮಾರನೆಯ ತಿಂಗಳೇ ಹಿರೇಕೆರೂರು. ಮೂರು ವರ್ಷ ನಡೆದ ದಾರಿ ಮಣ್ಣುಪಾಲು. ನಾನು ಹೆದರಿದ್ದೆ ಎಂದು ಹೇಳಿಕೊಳ್ಳಲು ಈಗಲೂ ಮನಸ್ಸಿಲ್ಲ, ಆದರೆ ಹೆದರಿದ್ದು ನಿಜ.

ಪರೀಕ್ಷೆ ಹಾನಗಲ್ಲಿನಲ್ಲಿತ್ತು. ಚಕ್ಕಡಿಯಲ್ಲಿ ಇಡೀ ದಿನದ ಹಾದಿ. ಹಿಂದಿನ ದಿನ ಹೊರಟು ಅಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿ ಉಳಿಯುವುದೆಂದಾಗಿತ್ತು. ಹೊರಡುವ ಹೊತ್ತಿಗೆ ಅವ್ವ ಮೊರದಲ್ಲಿ ಅಕ್ಕಿ ಹಿಡಿದು ಬಂದಳು. ನನ್ನ ಉಡಿ ತುಂಬುತ್ತಾಳಂತೆ! ಹೆಣ್ಣುಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಖಣ ಎಲ್ಲ ಹಾಕಿ ಗಂಟು ಕಟ್ಟಿ ಕಳಿಸುವ ಪದ್ಧತಿ ಅದು. ದಾರಿಯಲ್ಲಿ ಒಂದು ಕಾಳೂ ಚೆಲ್ಲಬಾರದು, ಹೋದ ಮನೆಯ ದೇವರ ಮುಂದೆಯೇ ಬಿಚ್ಚಬೇಕು.

"ಗಂಡ ಬಿಟ್ಟಾಕಿಗೆ ಎಂಥಾ ಉಡಿ?" ಎಂದು ನಮ್ಮ ಮನೆಯಲ್ಲೇ ಇದ್ದ ದೊಡ್ಡವ್ವ ತುಟಿ ಕೊಂಕಿಸಿದಳು. "ಅದೂ ಪರೀಕ್ಷಾಕ್ಕ ಹೋಗೂಮುಂದ ಯಾರರೆ ಉಡಿ ತುಂಬ್ತಾರೇನ?"

"ಇಕಿ ದೂರ ಹೊಂಟಾಳ. ನನಗ ಇದಷ್ಟ ಗೊತ್ತೈತಿ ಮಾಡಾಕ" ಎಂದು ಅವ್ವ ಐದು ಸಲ ತುಂಬಿ ಗಂಟು ಬಿಗಿದಳು. ಅವಳಿಗೆ ಪರೀಕ್ಷೆ ಎಂದರೆ ಏನೆಂದು ಗೊತ್ತಿರಲಿಲ್ಲ. ಮಗಳು ಹೆದರಿದ್ದಾಳೆ ಎಂದು ಗೊತ್ತಿತ್ತು. ನಾನು ಬೇಡವೆನ್ನಲಿಲ್ಲ.

ಅರ್ಧ ದಾರಿಯಲ್ಲಿ ಎತ್ತು ಕುಂಟಿತು. ದಾರಿಯ ಹಳ್ಳಿಯೊಂದರಲ್ಲಿ ಗುರುತಿನವರ ಮನೆಯಲ್ಲಿ ತಂಗಿದೆವು. ಅದು ನೆಂಟರ ಮನೆಯಲ್ಲ, ಅಲ್ಲಿ ಉಡಿ ಬಿಚ್ಚುವಂತಿಲ್ಲ. ಕಟ್ಟಿಕೊಂಡೇ ಒರಗಿದೆ. ಬೆಳಿಗ್ಗೆ ಬೇರೆ ಎತ್ತು ಹೂಡಿ ಅಪ್ಪ ಬಾರುಕೋಲು ಬೀಸುತ್ತಾ ಹೊಡೆದರೂ ಹಾನಗಲ್ಲ ಮುಟ್ಟಿದಾಗ ಪರೀಕ್ಷೆಯ ಗಂಟೆ ಹೊಡೆಯುತ್ತಿತ್ತು. ಅತ್ತೆಯ ಮನೆಗೆ ಹೋಗಲು ಎಲ್ಲಿಯ ಹೊತ್ತು? ಚಕ್ಕಡಿಯಿಂದ ಜಿಗಿದು, ಎದ್ದು ಕಾಣುವ ಆ ಗಂಟನ್ನು ಹೊಟ್ಟೆಗೆ ಒತ್ತಿ ಹಿಡಿದು ಓಡಿದೆ.

ಒಳಗೆ ಎಲ್ಲ ಹುಡುಗರು. ಹೆಣ್ಣೆಂದರೆ ನಾನೊಬ್ಬಳೇ. ಪರೀಕ್ಷೆ ನಡೆಸಲು ಬಂದ ಸಾಹೇಬರು ಜರಿಯಂಚಿನ ರುಮಾಲು ಸುತ್ತಿದ್ದರು, ಹೆಗಲ ಮೇಲೆ ಬಿಳಿ ಶಲ್ಯ. ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಹೊಟ್ಟೆ ನೋಡಿದರು, ಗಾಬರಿಯಾದರು. ಪಕ್ಕದ ಮಾಸ್ತರರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಬಸುರಿ ಹೆಂಗಸನ್ನು ಪರೀಕ್ಷೆಗೆ ಕೂಡಿಸಲು ಬರುತ್ತದೆಯೋ ಇಲ್ಲವೋ ಎಂಬ ಚರ್ಚೆ ಅದು. ನನಗೆ ಕೇಳಿಸಿತು.

"ನಾ ಬಸುರಿಲ್ರಿ" ಎಂದು ಗಟ್ಟಿಯಾಗಿಯೇ ಹೇಳಿದೆ. "ಉಡಿ ಐತ್ರಿ ಇದು."

ಸಾಹೇಬರ ಗಾಬರಿ ಹೋಗಿ ಸಂಶಯ ಬಂತು. "ಅದರೊಳಗ ಏನೇನು ಅದ? ಚೀಟಿ ಗೀಟಿ ಇದ್ದೀತು. ಬಿಚ್ಚಿ ಹೊರಗ ಇಡು. ಇಲ್ಲಂದ್ರ ಕೂಡಲಿಕ್ಕೆ ಬರೂದಿಲ್ಲ."

ಉಡಿ ಬಿಚ್ಚಿದರೆ ಅವ್ವನ ಲೆಕ್ಕದಲ್ಲಿ ಎಲ್ಲ ಮುಗಿದಂತೆ. ತುಂಬಿಕೊಂಡ ಭಾಗ್ಯವನ್ನು ಕೈಯಾರೆ ಚೆಲ್ಲಿದಂತೆ. ಬಿಚ್ಚದಿದ್ದರೆ ಹಿರೇಕೆರೂರು. ಹುಡುಗರೆಲ್ಲ ಬರೆಯಲು ಶುರುಮಾಡಿದ್ದರು, ನಿಬ್ಬುಗಳ ಸದ್ದು ಕೇಳುತ್ತಿತ್ತು. ಆಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನೆಟ್ಟಗೆ ಅವರ ಮೇಜಿನ ಹತ್ತಿರ ಹೋದೆ.

"ನಿಮ್ಮ ಶಲ್ಯ ಹಾಸ್ರಿ."

"ಏನು?"

"ಅವ್ವ ತುಂಬಿದ ಉಡಿ ಐತ್ರಿ, ನೆಲಕ್ಕ ಹಾಕಾಕ ಬರೂದಿಲ್ಲ. ಶಲ್ಯ ಹಾಸ್ರಿ."

ಸಾಹೇಬರು ಮಂತ್ರ ಹಾಕಿದವರಂತೆ ಶಲ್ಯವನ್ನು ಮೇಜಿನ ಮೇಲೆ ಹಾಸಿದರು. ನಾನು ಗಂಟು ಬಿಚ್ಚಿ ಸುರುವಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಣಗಿ ಸುರುಟಿದ ಎಲೆ, ಎಲ್ಲವೂ ಸರಕಾರದ ಕಾಗದಗಳ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದವು. "ನೋಡ್ರಿ, ಚೀಟಿ ಐತೇನು? ಒಂದ ಕಾಳು ಚೆಲ್ಲಬಾರದು. ನಾ ಬರದು ಮುಗಸೂತನಾ ನೀವ ಕಾಯಬೇಕು" ಎಂದು ಹೇಳಿ ನನ್ನ ಜಾಗಕ್ಕೆ ಹೋಗಿ ಕೂತೆ. ಹುಡುಗರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಇನ್ನು ಆ ಸಾಹೇಬರ ಪಾಡು ಹೇಳಬೇಕು. ಹಾನಗಲ್ಲಿನ ಗುಬ್ಬಿಗಳಿಗೆ ಅಕ್ಕಿಯ ವಾಸನೆ ಬಂತೋ ಏನೋ, ಕಿಟಕಿಯಿಂದ ಒಂದೊಂದಾಗಿ ಇಳಿದವು. ಸಾಹೇಬರು ಪ್ರಶ್ನೆಪತ್ರಿಕೆ ಬೀಸಿ ಓಡಿಸುತ್ತಾರೆ, ಅವು ತೊಲೆಯ ಮೇಲೆ ಕೂತು ಮತ್ತೆ ಇಳಿಯುತ್ತವೆ. ಮೂರು ತಾಸು ಆ ಮನುಷ್ಯ ಮೇಜು ಬಿಟ್ಟು ಅಲುಗಾಡಲಿಲ್ಲ. ಅವರ ಕಣ್ಣು ತಪ್ಪಿಸಿ ಎಷ್ಟು ಹುಡುಗರು ಒಬ್ಬರದೊಬ್ಬರು ನೋಡಿ ಬರೆದರೋ ಶಿವನಿಗೇ ಗೊತ್ತು. ನಾನು ತಲೆ ಎತ್ತಲಿಲ್ಲ. ಆದರೂ ಕಳೆದ ಹೊತ್ತು ಕಳೆದೇಹೋಗಿತ್ತು, ಕೊನೆಯ ತ್ರೈರಾಶಿಕ ಅರ್ಧಕ್ಕೆ ನಿಂತಿತು. ಗಂಟೆಯಾದ ಮೇಲೆ ಸಾಹೇಬರೇ ಶಲ್ಯದ ನಾಲ್ಕು ತುದಿ ಕೂಡಿಸಿ ಹಿಡಿದು ನನ್ನ ಸೆರಗಿಗೆ ಸುರಿದರು. "ನೋಡಿಕೋ ತಂಗಿ. ಗುಬ್ಬಿ ಎರಡು ಕಾಳು ಒಯ್ದವ, ನಾ ಏನು ಮಾಡಲಿ" ಎಂದರು. ಅವರ ಮೇಲಿನ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಊರಿಗೆ ಬಂದ ಮೇಲೆ ಅಪ್ಪ ಇದನ್ನು ನಗುತ್ತಾ ಹೇಳಿದ. ದೊಡ್ಡವ್ವ ನಗಲಿಲ್ಲ. "ಪರರ ಊರಾಗ ಉಡಿ ಸುರುವಿ ಬಂದಾಳ. ಮುಗೀತು ತಗೋ" ಎಂದಳು. ನನಗೆ ಅರ್ಧಕ್ಕೆ ನಿಂತ ಆ ಲೆಕ್ಕವೇ ಕಣ್ಣ ಮುಂದೆ. ನಾನು ಅಂಥದ್ದನ್ನು ನಂಬುವವಳಲ್ಲ, ಆದರೂ ಆ ಬೇಸಿಗೆಯಲ್ಲಿ ದೊಡ್ಡವ್ವನ ಎದುರು ಬರಲು ನನಗೆ ಮನಸ್ಸಾಗುತ್ತಿರಲಿಲ್ಲ.

ಮುಂಗಾರಿಗೆ ಹೊಲ ಹರಗುತ್ತಿದ್ದಾಗ ಹೆಡ್ ಮಾಸ್ತರರು ಕೊಡೆ ಹಿಡಿದು, ಶಿಗ್ಗಾಂವಿಯಿಂದ ನಡೆದುಕೊಂಡೇ ನಮ್ಮ ಹೊಲದ ಬದುವಿಗೆ ಬಂದರು. ಮೂರು ವರ್ಷ ನಾನು ಅವರ ಕಡೆಗೆ ನಡೆದಿದ್ದೆ, ಅವತ್ತು ಅವರು ನನ್ನ ಕಡೆಗೆ ನಡೆದಿದ್ದರು. "ಪಾಸು" ಎಂದರು. ಅಪ್ಪ ಕುಂಟೆ ನಿಲ್ಲಿಸಿ ಮಣ್ಣು ಕೈಯಲ್ಲೇ ಅವರಿಗೆ ಕೈ ಮುಗಿದ. ಊರಿಗೆಲ್ಲ ಸಕ್ಕರೆ ಹಂಚಿದ. ನಾನು ಅತ್ತದ್ದು ಆವತ್ತು, ಬಾವಿಯ ಹಿಂದೆ ಹೋಗಿ, ಹೊಟ್ಟೆ ತುಂಬ. ಒಂದೂವರೆ ತಿಂಗಳಿಗೆ ಆರ್ಡರು ಬಂತು. ಹಾನಗಲ್ಲ ಸೀಮೆಯ ಒಂದು ದೊಡ್ಡ ಹಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಣಿ. ಅಲ್ಲಿಯವರೆಗೆ ಅಲ್ಲಿ ಹೆಂಗಸು ಕಲಿಸಿದ್ದೇ ಇರಲಿಲ್ಲವಂತೆ.

ಇಲ್ಲಿಗೆ ನನ್ನ ಕಥೆ ಮುಗಿಯಬೇಕಿತ್ತು. ಮುಗಿಯಿತೆಂದೇ ನಾನು ತಿಳಿದಿದ್ದೆ. ಆದರೆ ಆರ್ಡರು ಬಂದ ವಾರದಲ್ಲಿ ಹಿರೇಕೆರೂರಿನ ಯಜಮಾನರು ಇಬ್ಬರು ಹಿರಿಯರನ್ನು ಕರೆದುಕೊಂಡು ಸ್ವತಃ ಬಂದರು. ನಾನು ಪಾಸಾದದ್ದು ಕೇಳಿ ಅವರ ಆಸೆ ಇಳಿದಿರಲಿಲ್ಲ, ಏರಿತ್ತು! ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದ್ದರು. ನಾನೂ ಅವ್ವನೂ ಅಡಿಗೆಮನೆಯಲ್ಲಿದ್ದೆವು, ನಡುವೆ ಒಂದು ಬಾಗಿಲು. ಒಂದೊಂದು ಮಾತೂ ಕೇಳಿಸುತ್ತಿತ್ತು.

"ನೌಕರಿ ಮಾಡಲಿ ಬಿಡ್ರಿ, ನಮದೇನು ಅಡ್ಡಿ ಇಲ್ಲ" ಎಂದರು ಅವರು. "ನಮ್ಮೂರ ಕಡಿಗೆ ವರ್ಗಾ ಮಾಡಸ್ತೇನಿ. ಮನಿ ಹೆಣ್ಣಮಗಳು ತಿಂಗಳಾ ಪಗಾರ ತಂದ್ರ ಯಾರು ಬ್ಯಾಡಂತಾರ?"

ಅಪ್ಪ ಕರಾರು ಮುರಿಯುವವನಲ್ಲ. ಆದರೆ ಫೇಲಾದರೆ ಉಡಿಕೆ ಎಂದು ಮಾತಾಗಿತ್ತೇ ಹೊರತು, ಪಾಸಾದರೆ ಬೇಡ ಎಂದು ಯಾರೂ ಅಂದಿರಲಿಲ್ಲ. ಅವನ ದನಿಯಲ್ಲಿ ಸಂತೋಷ ತುಳುಕುತ್ತಿತ್ತು. "ಮನೀನೂ ಆತು, ಪಗಾರಾನೂ ಆತು. ಇದಕಿಂತ ಭದ್ರ ಇನ್ನೇನ ಬೇಕ್ರಿ ಹೆಣ್ಣಿಗೆ?" ಎಂದ. ಬಾಯಿಬಡುಕಿ ಎನಿಸಿಕೊಂಡವಳು ನಾನು, ಒಲೆಯ ಮುಂದೆ ಮೂಕಿಯಂತೆ ಕೂತೆ. ಅವರು ಒಳ್ಳೆಯವರೇ. ಅಪ್ಪ ಹೇಳಿದ್ದೂ ಸುಳ್ಳಲ್ಲ.

ಅವ್ವ ಅನ್ನದ ಎಸರು ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ಮಳಿ ಆಗಲಿಲ್ಲಂದ್ರ ಆ ಪಗಾರ ಬರತೈತೇನ?"

"ಬರತೈತಿ."

"ನಿನಗ ಗಂಡ ಇರಲಿಲ್ಲಂದ್ರೂ?"

"ಬರತೈತಿ."

"ನಾವು ಸತ್ತ ಮ್ಯಾಲ?"

"ಹೂಂ, ಬರತೈತವ್ವಾ."

ಅವ್ವ ಒಲೆಯಿಂದ ಒಂದು ಕಟ್ಟಿಗೆ ಹಿಂದಕ್ಕೆ ಎಳೆದಳು. "ಯಾರ ಕೈಯಾಗ ಕೊಡತಾರ ಅದನ್ನ?"

"ನನ್ನ ಕೈಯಾಗ."

"ನಿಮ್ಮಪ್ಪನ ಕೈಯಾಗಲ್ಲ?"

"ಅಲ್ಲ. ನನ್ನ ಕೈಯಾಗನ ಕೊಡಬೇಕು. ಹಂಗ ಕಾಯದೆ ಐತಿ."

"ಇವರಿಗೆ ಉಡಿಕಿ ಆದ ಮ್ಯಾಲ?"

"ಆವಾಗೂ ನನ್ನ ಕೈಯಾಗ. ಆದರ ಮನಿಗೆ ಬಂದ ಮ್ಯಾಲ..." ಎಂದು ಅಲ್ಲಿಗೆ ನಿಲ್ಲಿಸಿದೆ. ಮನೆಗೆ ಬಂದ ಮೇಲೆ ಅದು ಯಾರ ಮುಂದೆ ಹೋಗಿ ಕೂರುತ್ತದೆ ಎಂದು ನಾನು ಅವ್ವನಿಗೆ ಹೇಳಬೇಕಾಗಿರಲಿಲ್ಲ.

ಅವ್ವ ಎಳೆದ ಕಟ್ಟಿಗೆಯ ಕೆಂಡವನ್ನು ನೆಲಕ್ಕೆ ಒತ್ತಿ ಆರಿಸಿದಳು. "ಇಪ್ಪತ್ತೈದು ವರ್ಷ ದುಡದೇನಿ ಈ ಮನ್ಯಾಗ" ಎಂದಳು ಮೆಲ್ಲಗೆ, ನನಗಲ್ಲ, ಒಲೆಗೆ ಹೇಳಿದಂತೆ. "ಒಬ್ಬರರೆ ನನ್ನ ಕೈಯಾಗ ಏನರೆ ಕೊಟ್ಟಾರೇನ?" ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ನೀರು ಕೊಡಲು ಹೋಗುತ್ತಾಳೆ ಎಂದುಕೊಂಡೆ, ತಂಬಿಗೆ ತಗೊಳ್ಳಲಿಲ್ಲ. ಬರಿಗೈಯಲ್ಲಿ ಹೊಸ್ತಿಲು ದಾಟಿ ಗಂಡಸರ ನಡುವೆ ಹೋಗಿ ನಿಂತಳು. ಅಪ್ಪ ಮಾತು ನಿಲ್ಲಿಸಿದ. ಹಿರೇಕೆರೂರಿನ ಹಿರಿಯರು ತಲೆ ಎತ್ತಿದರು.

"ಹುಡುಗಿ ನೌಕರಿಗೆ ಹೊಂಟಾಳ್ರಿ, ಒಬ್ಬಾಕೀನ ಹೊಂಟಾಳ" ಎಂದಳು ಅವ್ವ. "ಉಡಿಕಿ ಆಗೂದಿಲ್ಲ. ಅನ್ನ ಆಗೈತಿ, ಏಳ್ರಿ, ಕೈಕಾಲು ತೊಳಕೋರಿ."